ಪೆಟ್ಟಿಗೆ ಎಷ್ಟು ದೊಡ್ಡದು?

ಸಂಶೋಧನಾಲಯದ ಮೇಲಿನ ಮಹಡಿಯಲ್ಲಿ ಒಂದು ಪದ್ಧತಿಯಿತ್ತು. ಯಾರೇ ಆಗಲಿ ಹೊಸದೇನನ್ನೋ ಕಂಡುಕೊಂಡೆ ಎಂದರೆ, ಅದು ಮೆಟ್ಟಿಲಿಳಿದು ಹೊರಗೆ ಹೋಗುವ ಮೊದಲು, ಅದು ಸುಳ್ಳಾದರೆ ಯಾರ ಹೊಟ್ಟೆ ಎಲ್ಲರಿಗಿಂತ ತಣ್ಣಗಾಗುತ್ತದೋ ಅವರನ್ನೇ ಹುಡುಕಿ, ಅದನ್ನು ಒಡೆಯುವುದಕ್ಕೆ ಕೂರಿಸುತ್ತಿದ್ದರು. ಇದಕ್ಕೆ ಅಲ್ಲಿ ‘ಒರೆ’ ಎಂದು ಹೆಸರು. ಸ್ನೇಹಿತರು ತಪ್ಪು ಹುಡುಕುವುದಿಲ್ಲ, ಸಿಕ್ಕಿದರೂ ಕಾಫಿ ಕುಡಿಸಿ ಮೆತ್ತಗೆ ಹೇಳುತ್ತಾರೆ. ವಿಜ್ಞಾನಕ್ಕೆ ಆಗದವರ ಕಣ್ಣೇ ಬೇಕು ಎನ್ನುವುದು ಅಲ್ಲಿನ ಮುಖ್ಯಸ್ಥರಾದ ಮೇಷ್ಟ್ರ ಸಿದ್ಧಾಂತ. ಒರೆಗೆ ಕೂತವರು ಮನೆಯಲ್ಲಿ ಏನೇ ಆಗಿರಲಿ, ಒಬ್ಬರನ್ನೊಬ್ಬರು ‘ನೀವು’ ಎನ್ನಬೇಕು. ಕೇಳಿದ್ದಕ್ಕೆ ಮಾತ್ರ ಉತ್ತರ. ಮಿಕ್ಕವರು ಬಾಯಿ ಹಾಕುವಂತಿಲ್ಲ. ಎದುರಾಳಿ ಕೇಳುವುದನ್ನೆಲ್ಲ ಕೇಳಿ ಮುಗಿಸಿ ಕೊನೆಗೆ ‘ಬಿಟ್ಟೆ’ ಎನ್ನಬೇಕು. ಆ ಒಂದು ಮಾತು ಬಿದ್ದ ಮೇಲೆ ಕೆಲಸ ಅಚ್ಚಿಗೆ ಹೋಗಬಹುದು.

ಗಿಣಿಯ ಕೆಲಸಕ್ಕೆ ಎದುರಾಳಿಯನ್ನು ಹುಡುಕಲು ಮೇಷ್ಟ್ರು ಕಷ್ಟಪಡಬೇಕಾಗಲಿಲ್ಲ. ಅವಳ ಓರಗಿತ್ತಿ ಪಕ್ಕದ ಮೇಜಿನಲ್ಲೇ ಕೂರುತ್ತಿದ್ದಳು.

“ಓರಗಿತ್ತೀನ ಒರೆಗೆ ಕೂರಿಸಿದ್ರೆ ಕೆಲಸ ಓರೆಯಾಗದೆ ಇರುತ್ತಾ?” ಎಂದು ಗಿಣಿಯೇ ಎಲ್ಲರೆದುರು ಹೇಳಿ ನಗಿಸಿದಳು. ನಕ್ಕವರಲ್ಲಿ ಓರಗಿತ್ತಿ ಇರಲಿಲ್ಲ.

ಗಿಣಿ ಎಂಬುದು ಅವಳ ಹೆಸರಲ್ಲ, ಕೇಳಿದ ದನಿಯನ್ನೆಲ್ಲ ಹಾಗೆಯೇ ತಿರುಗಿ ಒಪ್ಪಿಸುತ್ತಾಳೆಂದು ಬಿದ್ದ ಹೆಸರು. ಮೇಷ್ಟ್ರ ಕೆಮ್ಮು, ಅದರಲ್ಲೂ ‘ನನಗೆ ಅರ್ಥವಾಗಲಿಲ್ಲ’ ಎನ್ನುವ ಕೆಮ್ಮು ಬೇರೆ, ‘ನಿನಗೇ ಅರ್ಥವಾಗಿಲ್ಲ’ ಎನ್ನುವ ಕೆಮ್ಮು ಬೇರೆ. ಎಲ್ಲದಕ್ಕೂ ತಲೆಯಾಡಿಸಿ ‘ಹೌದಪ್ಪ’ ಎಂದೇ ಹೆಸರಾದ ಸಹೋದ್ಯೋಗಿಯ ಗಂಟಲ ಗುಟುಕು. ನೀರಿನ ಯಂತ್ರದ ಗೊರಕೆ. ಎಲ್ಲವೂ ಅವಳ ನಾಲಿಗೆಯ ಮೇಲಿದ್ದವು. ಆದರೆ ಅವಳು ನಿಜವಾಗಿ ಪಳಗಿದ್ದು ಅಕ್ಕನ ದನಿಯಲ್ಲಿ. ಓರಗಿತ್ತಿಯನ್ನು ಅವಳು ಅಕ್ಕ ಎಂದೇ ಕರೆಯಬೇಕಿತ್ತು, ಗಂಡನ ಅಣ್ಣನ ಹೆಂಡತಿ. ಅಕ್ಕ ಮಾತು ಶುರುಮಾಡುವ ಮೊದಲು ಕನ್ನಡಕ ತೆಗೆದು, ಗಾಜಿನ ಮೇಲೆ ‘ಹಾ’ ಎಂದು ಉಸಿರು ಬಿಟ್ಟು, ಸ್ವೆಟರಿನ ತುದಿಯಲ್ಲಿ ಒರೆಸಿ, ಮೂಗಿನ ಮೇಲೇರಿಸಿ, ಆ ಮೂಗಿನಿಂದಲೇ ಹೊರಡುವ ತೆಳ್ಳಗಿನ ದನಿಯಲ್ಲಿ ಕೇಳುತ್ತಿದ್ದಳು: “ಅಲ್ಲಾ, ಪೆಟ್ಟಿಗೆ ಎಷ್ಟು ದೊಡ್ಡದು?” ಕಂಪ್ಯೂಟರಿನೊಳಗೆ ಲೆಕ್ಕಕ್ಕೆಂದು ವಿಶ್ವದ ಎಷ್ಟು ದೊಡ್ಡ ತುಂಡನ್ನು ಇಟ್ಟುಕೊಂಡಿದ್ದೀರಿ ಎಂದು ಅರ್ಥ. ಯಾರು ಏನೇ ಲೆಕ್ಕ ತಂದರೂ ಮೊದಲ ಪ್ರಶ್ನೆ ಅದೇ. ಆ ಮಹಡಿಯಲ್ಲಿ ಯಾರಾದರೂ ಊಟದ ಡಬ್ಬಿ ತೆರೆದರೂ ಗಿಣಿ ಬೆನ್ನ ಹಿಂದೆ ನಿಂತು ಮೂಗಿನಲ್ಲಿ ಕೇಳುತ್ತಿದ್ದಳು, “ಅಲ್ಲಾ, ಪೆಟ್ಟಿಗೆ ಎಷ್ಟು ದೊಡ್ಡದು?”

ಮೊದಲು ಅವರು ಹೀಗಿರಲಿಲ್ಲ. ಗಿಣಿಯನ್ನು ಈ ಮಹಡಿಗೆ ಸೇರಿಸಿಕೊಂಡವಳೇ ಅಕ್ಕ, ಕೆಲಸ ಕಲಿಸಿದವಳೂ ಅವಳೇ, ಮನೆಗೆ ಊಟಕ್ಕೆ ಕರೆದು ಮೈದುನನ ಎದುರಿಗೆ ಕೂರಿಸಿದವಳೂ ಅವಳೇ. ಹೀಗೆ ಅಣ್ಣತಮ್ಮಂದಿರ ಹೆಂಡತಿಯರಾಗಿ ಕೆಳಗಿನ ಮನೆಯಲ್ಲಿ ಅಕ್ಕ, ಮೇಲಿನ ಮನೆಯಲ್ಲಿ ಗಿಣಿ ನೆಲೆಯಾದರು. ಅಣ್ಣತಮ್ಮಂದಿರದು ಕನ್ನಡಕದ ಅಂಗಡಿ. ಊರವರಿಗೆಲ್ಲ ದೃಷ್ಟಿ ತಿದ್ದಿ ಕಳಿಸುವ ಅವರಿಗೆ, ಮನೆಯೊಳಗೆ ನಡೆಯುತ್ತಿರುವುದು ಮಾತ್ರ ಯಾವ ನಂಬರಿನ ಗಾಜು ಹಾಕಿದರೂ ಕಾಣುತ್ತಿರಲಿಲ್ಲ. ಗಿಣಿ ಯಾವತ್ತು ಅಕ್ಕ ಹೇಳಿಕೊಟ್ಟ ದಾರಿ ಬಿಟ್ಟು ತನ್ನ ಲೆಕ್ಕ ತಾನೇ ಮಾಡತೊಡಗಿದಳೋ ಅವತ್ತಿನಿಂದ ಕೆಳಗಿನ ಬಾಗಿಲು ಸ್ವಲ್ಪ ಜೋರಾಗಿ ಮುಚ್ಚತೊಡಗಿತು.

ಇಬ್ಬರ ನಡುವಿನ ಮ್ಯಾಟರ್ ಏನೆಂದರೆ, ಡಾರ್ಕ್ ಮ್ಯಾಟರ್.

ಕಥೆಯ ಮೊದಲರ್ಧಕ್ಕೆ ಇಬ್ಬರೂ ಒಪ್ಪಿದ್ದರು. ಹುಟ್ಟಿದ ಹೊಸತರಲ್ಲಿ ವಿಶ್ವ ಕುದಿಯುತ್ತಿತ್ತು. ಆರುತ್ತ ಬಂದಂತೆ, ಎಲ್ಲೆಡೆ ಹಾಸಿನಂತೆ ಹರಡಿದ್ದ ಒಂದು ಶಕ್ತಿಕ್ಷೇತ್ರ ಎರಡು ತಗ್ಗುಗಳಲ್ಲಿ ಒಂದನ್ನು ಆರಿಸಿಕೊಂಡು ಕೂರಬೇಕಾಯಿತು. ದೂರದ ಜಾಗಗಳಿಗೆ ಪರಸ್ಪರ ಸುದ್ದಿ ಮುಟ್ಟಿರಲಿಲ್ಲವಾದ್ದರಿಂದ ಅಲ್ಲಿ ಎಡದ ತಗ್ಗು ಎಂದರು, ಇಲ್ಲಿ ಬಲದ್ದು ಎಂದರು. ಎಡದವರಿಗೂ ಬಲದವರಿಗೂ ನಡುವೆ ಗೋಡೆಗಳೆದ್ದವು. ಇಟ್ಟಿಗೆಯ ಗೋಡೆಗಳಲ್ಲ, ಬರಿಯ ಶಕ್ತಿಯವು. ಡೊಮೇನ್ ವಾಲ್ ಎಂದು ಅವುಗಳ ಹೆಸರು. ತಗ್ಗುಗಳೆರಡೂ ಸಮಸಮವಾಗಿದ್ದರೆ ಆ ಗೋಡೆಗಳು ಉಳಿದು ಬೆಳೆದು ವಿಶ್ವವನ್ನೇ ನುಂಗಿಬಿಡುತ್ತಿದ್ದವು. ಆಮೇಲೆ ಓರಗಿತ್ತಿಯರೂ ಇಲ್ಲ, ಜಗಳವೂ ಇಲ್ಲ. ಹಾಗಾಗಲಿಲ್ಲವಾದ್ದರಿಂದ, ಒಂದು ತಗ್ಗು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಆಳವಾಗಿದ್ದಿರಬೇಕು. ಈ ಕೂದಲೆಳೆಗೆ ಗಿಣಿ ‘ವಾಲು’ ಎಂದು ಹೆಸರಿಟ್ಟಿದ್ದಳು. ವಾಲ್‌ಗೆ ವಾಲು. ವಾಲು ಇದ್ದದ್ದರಿಂದ ಆಳದ ಕಡೆಯವರ ಕೈ ಮೇಲಾಗಿ, ಇನ್ನೊಂದು ಕಡೆಯವರ ಜಾಗ ಕಿರಿದಾಗುತ್ತ ಬಂದು, ಗೋಡೆಗಳು ಕುಸಿದವು. ಕುಸಿದ ಗೋಡೆಯ ಶಕ್ತಿಯೆಲ್ಲ ಹಗುರವಾದ, ನಿಧಾನದ ಕಣಗಳ ಪುಡಿಯಾಗಿ ಚೆದುರಿತು. ಬೆಳಕನ್ನು ಬಿಡದ, ಬೆಳಕಿಗೆ ಸಿಕ್ಕದ, ಭಾರವೊಂದರಿಂದಲೇ ಇರವು ತೋರಿಸುವ ಪುಡಿ.

ಎಷ್ಟು ಪುಡಿ ಎನ್ನುವುದರಲ್ಲಿ ಬಂದಿತ್ತು ತಕರಾರು. ಚಿಟಿಕೆಯಷ್ಟು, ಮಿಕ್ಕ ಡಾರ್ಕ್ ಮ್ಯಾಟರ್ ಬೇರೆಲ್ಲಿಂದಲೋ ಬಂದಿದೆ ಎನ್ನುವುದು ಅಕ್ಕನ ಜೀವಮಾನದ ಕೆಲಸ. ಪೂರ್ತಿ ಇದೇ, ಬೇರೆಲ್ಲಿಂದಲೂ ಬರಬೇಕಾಗಿಲ್ಲ ಎನ್ನುವುದು ಗಿಣಿಯ ಹೊಸ ಲೆಕ್ಕ. ವಾಲನ್ನು ಇನ್ನಷ್ಟು ಸಣ್ಣದು ಮಾಡಿದರೆ ಗೋಡೆಗಳು ಹೆಚ್ಚು ಕಾಲ ಬದುಕಿ, ಕುಸಿಯುವಾಗ ಹೆಚ್ಚು ಪುಡಿ ಬೀಳುತ್ತದೆ ಎಂದು ಕಂಪ್ಯೂಟರಿನಲ್ಲಿ ವಿಶ್ವವನ್ನೇ ನಡೆಸಿ ತೋರಿಸಿದ್ದಳು. ಆಕಾಶದಲ್ಲಿ ತೂಗಿದಷ್ಟೂ ಡಾರ್ಕ್ ಮ್ಯಾಟರ್ ಅವಳ ಪರದೆಯ ಮೇಲೆ ಸರಿಯಾಗಿ ಬಂದಿತ್ತು.

ಇದೆಲ್ಲದರ ಹಿಂದೆ ಒಂದು ಕುರ್ಚಿಯಿತ್ತು. ಆ ಮಹಡಿಯಲ್ಲಿ ಒಂದೇ ಒಂದು ಕಾಯಂ ಹುದ್ದೆ ಖಾಲಿಯಾಗಿತ್ತು. ಇಬ್ಬರೂ ಗುತ್ತಿಗೆಯ ಮೇಲಿದ್ದವರು. ಗಿಣಿಯ ಕೆಲಸ ಒರೆ ದಾಟಿದರೆ ಹುದ್ದೆ ಗಿಣಿಗೆ, ದಾಟದಿದ್ದರೆ ಅಕ್ಕನಿಗೆ ಎಂದು ಮೇಷ್ಟ್ರು ಕೆಮ್ಮದೆ ಹೇಳಿಬಿಟ್ಟಿದ್ದರು. “ಕಾಯಂ ಅಂದ್ರೆ ಕಾಯಿಸೋದು ಅಂತ ಅರ್ಥ,” ಎಂದು ಗಿಣಿ ಗಂಡನ ಹತ್ತಿರ ತಮಾಷೆ ಮಾಡಿದರೂ, ಕಾದು ಕಾದು ಅವಳ ಹೊಟ್ಟೆಯೊಳಗೆ ಏನೋ ಸೀದುಹೋಗಿತ್ತು. ಈ ಸಲ ಸಿಗದಿದ್ದರೆ ಗುತ್ತಿಗೆ ಮುಗಿಯುತ್ತದೆ. ಮುಗಿದರೆ, ಕನ್ನಡಕದ ಅಂಗಡಿಯಲ್ಲಿ ಗೋಡೆಯ ಮೇಲಿನ ಅಕ್ಷರಗಳನ್ನು ಕೋಲಿನಿಂದ ತೋರಿಸುತ್ತ ನಿಲ್ಲಬೇಕು. ಭಾವ ಆಗಲೇ ಒಮ್ಮೆ ನಗುತ್ತ ಅಂದಿದ್ದರು, “ನೀನು ಬಂದ್ರೆ ಒಳ್ಳೇದೇ ಆಯ್ತಮ್ಮ, ಗಿರಾಕಿಗಳ ಹತ್ರ ಚೆನ್ನಾಗಿ ಮಾತಾಡ್ತೀಯ.”

ಒರೆಯ ಹಿಂದಿನ ದಿನ ಭಾನುವಾರ. ಮಧ್ಯಾಹ್ನ ಮನೆಯ ತಾರಸಿಯ ಮೇಲೆ ಎರಡೂ ಮನೆಯ ಬಟ್ಟೆ ಒಂದೇ ಹಗ್ಗದಲ್ಲಿ ಒಣಗುತ್ತಿತ್ತು. ಅಕ್ಕನ ಬಟ್ಟೆ ಆ ತುದಿ, ಗಿಣಿಯದು ಈ ತುದಿ, ನಡುವೆ ಯಾರೂ ಕ್ಲಿಪ್ಪು ಹಾಕದ ಒಂದಷ್ಟು ಹಗ್ಗ. ಗಂಡ ನೀರಿನ ತೊಟ್ಟಿಯ ನೆರಳಿನಲ್ಲಿ ಕಿತ್ತಳೆ ಸುಲಿಯುತ್ತಿದ್ದ. ಗಿಣಿ ಅವನ ಮುಂದೆ ನಾಳೆಯ ತಾಲೀಮು ನಡೆಸಿದ್ದಳು. ಅಕ್ಕ ಏನೇನು ಕೇಳಬಹುದೋ ಅದನ್ನೆಲ್ಲ ಅಕ್ಕನಾಗಿ ಕೇಳುವುದು, ಗಿಣಿಯಾಗಿ ಉತ್ತರಿಸುವುದು.

“ಇನ್ನೂ ಸ್ವಲ್ಪ ಮೂಗಿಂದ ಬರ್ಲಿ,” ಎಂದ ಗಂಡ. “ಅತ್ತಿಗೆ ಇಷ್ಟು ಮೃದುವಾಗಿ ಕೇಳಲ್ಲ.”

ಗಿಣಿ ಹಗ್ಗದ ಆ ತುದಿಗೆ ಹೋಗಿ ಅಕ್ಕನ ಬೂದು ಸ್ವೆಟರನ್ನು ಎಳೆದು ತೊಟ್ಟಳು. ಗಂಡನ ಜೇಬಿನಿಂದ ಗಾಜಿಲ್ಲದ ಕನ್ನಡಕದ ಚೌಕಟ್ಟೊಂದನ್ನು ತೆಗೆದು, ಇಲ್ಲದ ಗಾಜಿನ ಮೇಲೆ ‘ಹಾ’ ಎಂದು ಉಸಿರು ಬಿಟ್ಟು ಒರೆಸಿದಳು. ಗಂಡ ಕಿತ್ತಳೆ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ.

“ಅಲ್ಲಾ, ಪೆಟ್ಟಿಗೆ ಎಷ್ಟು ದೊಡ್ಡದು?” ಎಂದಳು ಗಿಣಿ, ಇಡೀ ಬೀದಿಗೆ ಕೇಳುವಂತೆ.

ಆಮೇಲೆ ಸ್ವೆಟರಿನ ತೋಳು ಮೇಲೇರಿಸಿ, ತನ್ನ ದನಿಗೆ ಬಂದು ಉತ್ತರ ಹೇಳಿದಳು. “ಬೇಕಾದಷ್ಟು ದೊಡ್ಡದಿದೆ ಮೇಡಂ. ಬೆಳಕು ಪೆಟ್ಟಿಗೆಯ ಅರ್ಧ ದೂರ ಹೋಗೋಷ್ಟರಲ್ಲಿ ಲೆಕ್ಕ ನಿಲ್ಲಿಸ್ತೀವಿ.”

“ಯಾಕೆ ನಿಲ್ಲಿಸಬೇಕು?” ಅಕ್ಕನ ದನಿ.

“ಯಾಕಂದ್ರೆ ನಮ್ಮ ಪೆಟ್ಟಿಗೆಗೆ ಅಂಚಿಲ್ಲ. ಬಲಗಡೆಯಿಂದ ಹೊರಗೆ ಹೋದದ್ದು ಎಡಗಡೆಯಿಂದ ಒಳಗೆ ಬರುತ್ತೆ. ಅರ್ಧ ದಾಟಿದ್ರೆ ಗೋಡೆ ತನ್ನ ಬೆನ್ನನ್ನೇ ನೋಡಿ ಬೇರೆಯವರ ಮುಖ ಅಂದ್ಕೊಳ್ಳುತ್ತೆ.”

“ನಿಲ್ಲಿಸಿದ್ರಾ?” ಎಂದಿತು ಅಕ್ಕನ ದನಿ.

ಗಿಣಿ ಬಾಯಿ ತೆರೆದವಳು ಹಾಗೆಯೇ ನಿಂತಳು.

ಆ ಪ್ರಶ್ನೆಯನ್ನು ಅವಳು ಮೊದಲೇ ಯೋಚಿಸಿರಲಿಲ್ಲ. ದನಿಯ ಓಟಕ್ಕೆ ಅದು ತಾನೇ ಬಂದಿತ್ತು. ಅಕ್ಕ ಯಾವತ್ತೂ ಒಂದಕ್ಕೆ ನಿಲ್ಲಿಸುವವಳಲ್ಲ, ಹಿಂದೆಯೇ ಇನ್ನೊಂದು ಚುಚ್ಚುತ್ತಾಳೆ. ನಿಲ್ಲಿಸಿದೆಯಾ? ಮೊದಲು ನಿಲ್ಲಿಸಿದ್ದಳು. ವಾಲನ್ನು ಸಣ್ಣದು ಮಾಡಿದ ಮೇಲೆ, ನಿಲ್ಲಿಸುವ ಹೊತ್ತಿಗೆ ಗೋಡೆಗಳು ಇನ್ನೂ ಬಿದ್ದಿರಲಿಲ್ಲ. ಭಾಷಣಕ್ಕೆಂದು ಅವಳು ಚಲಿಸುವ ಚಿತ್ರ ಮಾಡುತ್ತಿದ್ದಳು. ಗೋಡೆಗಳು ಬೀಳದೆ ಚಿತ್ರ ಮುಗಿದರೆ ಚೆನ್ನಾಗಿ ಕಾಣುವುದಿಲ್ಲವೆಂದು, ಕೊನೆಯ ಗೋಡೆ ಬೀಳುವತನಕ ಓಡಲಿ ಎಂದು ಬಿಟ್ಟಿದ್ದಳು. ಬರೀ ಚಿತ್ರಕ್ಕೆ. ಆಮೇಲೆ ಯಾವಾಗಲೋ ಕೆಲಸದ ಭರದಲ್ಲಿ ಪುಡಿ ಎಣಿಸಿದ್ದೂ ಅದೇ ಓಟದಿಂದ.

ಚಿತ್ರದ ಕೊನೆ ಅವಳಿಗೆ ಕಣ್ಣಿಗೆ ಕಟ್ಟಿದಂತಿತ್ತು. ಪೆಟ್ಟಿಗೆಯ ಒಂದು ಮುಖದಿಂದ ಇನ್ನೊಂದಕ್ಕೆ ಚಾಚಿಕೊಂಡ ಎರಡು ಚಪ್ಪಟೆ ಗೋಡೆಗಳು, ಎದುರುಬದುರು. ಎಲ್ಲಿಯೂ ಸೊಟ್ಟಗಿಲ್ಲದ್ದರಿಂದ ಕುಗ್ಗಲೂ ಆಗದೆ, ವಾಲು ತಳ್ಳಿದಂತೆ ಒಂದರ ಮೇಲೊಂದು ಬಂದು ಮೈಯೆಲ್ಲ ಒಮ್ಮೆಲೇ ಡಿಕ್ಕಿ ಹೊಡೆದು, ಪರದೆ ತುಂಬ ಪುಡಿ. ನೋಡಿದವರೆಲ್ಲ ಆಹಾ ಎಂದಿದ್ದರು. ನಿಜವಾದ ವಿಶ್ವದಲ್ಲಿ ಗೋಡೆಗಳು ಹಾಗೆ ಸಾಯುವುದಿಲ್ಲ. ಆ ಎರಡು ಗೋಡೆಗಳು ಚಪ್ಪಟೆಯಾಗಿ ಉಳಿದದ್ದು ಪೆಟ್ಟಿಗೆ ಚಿಕ್ಕದಾಗಿದ್ದಕ್ಕೆ. ಆ ಡಿಕ್ಕಿಯ ಪುಡಿಯನ್ನು ಕಳೆದರೆ ಅವಳ ‘ಪೂರ್ತಿ’ ಎಷ್ಟಕ್ಕೆ ಇಳಿಯುತ್ತದೋ ಅವಳಿಗೆ ಗೊತ್ತಿರಲಿಲ್ಲ. ದೊಡ್ಡ ಪೆಟ್ಟಿಗೆಯಲ್ಲಿ ಮತ್ತೆ ನಡೆಸಲು ವಾರಗಳೇ ಬೇಕು.

“ಏನಾಯ್ತೇ?” ಎಂದ ಗಂಡ.

“ಏನಿಲ್ಲ. ಮರೆತೆ,” ಎಂದು ಗಿಣಿ ಸ್ವೆಟರನ್ನು ಬಿಚ್ಚಿ ಹಗ್ಗಕ್ಕೆ ಹಾಕಿದಳು. ಅಕ್ಕ ಕೇಳಿಯೇ ಕೇಳುತ್ತಾಳೆ, ತನ್ನ ಕಥೆ ಮುಗಿಯಿತು ಎಂದುಕೊಂಡಳು. ಆದರೂ ಕೇಳುವವರೆಗೆ ತಾನಾಗಿ ಹೇಳುವ ಮಾತೇ ಇಲ್ಲ ಎಂದೂ ಅಂದುಕೊಂಡಳು. ಒರೆಯ ನಿಯಮವೇ ಹಾಗಲ್ಲವೇ, ಕೇಳಿದ್ದಕ್ಕೆ ಮಾತ್ರ ಉತ್ತರ.

ಮರುದಿನ ಬೆಳಿಗ್ಗೆ ಇಬ್ಬರೂ ಎಂದಿನಂತೆ ಅಕ್ಕನ ಕಾರಿನಲ್ಲೇ ಹೋದರು. ದಾರಿಯುದ್ದಕ್ಕೂ ಅಕ್ಕ ಒಂದೇ ಮಾತಾಡಿದ್ದು: “ಬಾಗಿಲು ಸರಿಯಾಗಿ ಹಾಕ್ಕೊ, ಸದ್ದು ಮಾಡ್ತಿದೆ.”

ಕೊಠಡಿಯಲ್ಲಿ ಉದ್ದನೆಯ ಮೇಜು, ಎಷ್ಟು ಒರೆಸಿದರೂ ಹೋಗದ ಹಸಿರು ಗೀರುಗಳ ಬಿಳಿ ಹಲಗೆ, ಬಿಸಿಗಾಳಿ ಉಗುಳುವ ಪ್ರೊಜೆಕ್ಟರು. ತಲೆಯ ಕಡೆ ಮೇಷ್ಟ್ರು, ಅವರ ಪಕ್ಕ ಹೌದಪ್ಪ. ಗಿಣಿ ಚಿತ್ರ ತೋರಿಸಿದಳು. ಗೋಡೆಗಳು ನೊರೆಯಂತೆ ಎದ್ದವು, ದೊಡ್ಡವು ಸಣ್ಣವನ್ನು ನುಂಗಿದವು, ಕೊನೆಗೆ ಎರಡೇ ಉಳಿದು ಡಿಕ್ಕಿ ಹೊಡೆದವು. ಹೌದಪ್ಪ ತಲೆಯಾಡಿಸಿದ. ಅಕ್ಕ ಕನ್ನಡಕ ತೆಗೆದು ‘ಹಾ’ ಎಂದಳು. ಬಂತು, ಎಂದು ಗಿಣಿ ಮೇಜಿನ ಅಂಚು ಹಿಡಿದುಕೊಂಡಳು.

“ನಿಮ್ಮ ವಾಲು ಇಷ್ಟೇ ಇರಬೇಕು ಅಂತ ಯಾರು ಹೇಳಿದ್ದು?” ಎಂದಳು ಅಕ್ಕ.

ಅದು ಸುಲಭದ ಪ್ರಶ್ನೆ. ಗಿಣಿ ಉತ್ತರ ಹೇಳಿದಳು. ಅಕ್ಕ ಮುಂದಿನದು ಕೇಳಿದಳು, ಮತ್ತೊಂದು ಕೇಳಿದಳು. ಕಣಗಳ ತೂಕ, ಶುರುವಿನ ಬಿಸಿ, ಲೆಕ್ಕದ ಜಾಲರಿಯಲ್ಲಿ ಚುಕ್ಕೆ ಚುಕ್ಕೆಗೂ ನಡುವಿನ ಅಂತರ. “ಇಲ್ಲಿ ನೀವು ಬಹುಶಃ ಅಂದ್ರಿ. ನಿಮಗೆ ಗೊತ್ತಿಲ್ಲ ಅಂತ ಬರ್ಕೊಳ್ಳಲಾ?” “ಈ ಗೆರೆ ಯಾಕಿಷ್ಟು ನಡುಗ್ತಿದೆ? ನೀವು ನಡುಗಿದ್ದಕ್ಕಾ?” ಪ್ರತಿಯೊಂದು ‘ನೀವು’ವಿನಲ್ಲೂ ಒಂದೊಂದು ಸೂಜಿಯಿತ್ತು. ಆದರೆ ಸೂಜಿಗಳೆಲ್ಲ ಚರ್ಮದ ಮೇಲೇ ಚುಚ್ಚುತ್ತಿದ್ದವು. ಗಾಯ ಎಲ್ಲಿದೆಯೋ ಅಲ್ಲಿಗೆ ಒಂದೂ ಬರಲಿಲ್ಲ.

ಮೊದಮೊದಲು ಗಿಣಿಗೆ ಉಸಿರು ಬಂದಂತಾಯಿತು. ಕುರ್ಚಿ ಕಣ್ಣ ಮುಂದೆ ಬಂತು. ಕಾಯಂ ಆದ ಮೇಲೆ ದೊಡ್ಡ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ಮತ್ತೆ ನಡೆಸಿ, ತಿದ್ದುಪಡಿ ಹಾಕಿದರಾಯಿತು ಎಂದು ಕೂಡ ಅಂದುಕೊಂಡಳು. ಆಮೇಲೆ, ಬಾರದೆ ಉಳಿದ ಆ ಒಂದು ಪ್ರಶ್ನೆಯೇ ಕಾಡತೊಡಗಿತು. ಯಾರ ಲೆಕ್ಕವನ್ನೂ ಬಿಡದ ಪ್ರಶ್ನೆ ಅದು. ಈ ಹೆಂಗಸಿನ ದನಿಯನ್ನು, ಉಸಿರನ್ನು, ಒಂದು ಪ್ರಶ್ನೆಯಾದ ಮೇಲೆ ಇನ್ನೊಂದು ಎಲ್ಲಿಂದ ಹುಟ್ಟುತ್ತದೆ ಎನ್ನುವುದನ್ನು ಗಿಣಿ ವರ್ಷಗಟ್ಟಲೆ ಬಾಯಲ್ಲಿ ಹಾಕಿಕೊಂಡು ಅಗಿದಿದ್ದಳು. ಇಂಥ ಚಿತ್ರ ನೋಡಿದ ಮೇಲೂ ಅಕ್ಕ ಪೆಟ್ಟಿಗೆ ಕೇಳುತ್ತಿಲ್ಲವೆಂದರೆ, ಮರೆತಿಲ್ಲ. ಬೇಕೆಂದೇ ಸುತ್ತಿ ಹೋಗುತ್ತಿದ್ದಾಳೆ.

ಯಾಕೆ ಎನ್ನುವುದು ಹೊಳೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಈ ಕೊಠಡಿಯಲ್ಲಿ ಬಿದ್ದ ಗೋಡೆಯ ಸದ್ದು ಈ ಕೊಠಡಿಯಲ್ಲೇ ಉಳಿಯುತ್ತದೆ. ಅಚ್ಚಾಗಿ, ಹೊರಗೆಲ್ಲ ಓದಿ, ಹೊಗಳಿ ಆದ ಮೇಲೆ ಕೆಡವಿದರೆ ಆಗುವ ಸದ್ದೇ ಬೇರೆ. ಆಮೇಲೆ ಗಿಣಿಗೆ ಈ ಮಹಡಿಯಲ್ಲಷ್ಟೇ ಅಲ್ಲ, ಯಾವ ಮಹಡಿಯಲ್ಲೂ ಕುರ್ಚಿಯಿರುವುದಿಲ್ಲ. ಕಾಯಂ ಆದ ಕುರ್ಚಿಯನ್ನೂ ತಾನಾಗಿ ಬಿಟ್ಟು ಏಳಬೇಕಾಗುತ್ತದೆ.

ಅಕ್ಕ ಪೆನ್ನಿನ ಮುಚ್ಚಳ ಹಾಕಿದಳು. ಮೇಷ್ಟ್ರ ಕಡೆ ತಿರುಗಿದಳು. “ನನ್ನ ಕಡೆಯಿಂದ ಇಷ್ಟೇ. ಬಿ—”

“ಅಲ್ಲಾ,” ಎಂದಿತು ಅಕ್ಕನ ದನಿ.

ಅಕ್ಕನ ಬಾಯಿ ಇನ್ನೂ ‘ಬಿ’ಯಲ್ಲೇ ಇತ್ತು. ಹೌದಪ್ಪನ ತಲೆ ಅರ್ಧಕ್ಕೆ ನಿಂತಿತು. ದನಿ ಬಂದಿದ್ದು ಹಲಗೆಯ ಹತ್ತಿರ ನಿಂತ ಗಿಣಿಯಿಂದ. ಅವಳು ಇಲ್ಲದ ಕನ್ನಡಕವನ್ನು ಒರೆಸಿ ಮೂಗಿನ ಮೇಲೇರಿಸುತ್ತಿದ್ದಳು.

“ಅಲ್ಲಾ, ಪೆಟ್ಟಿಗೆ ಎಷ್ಟು ದೊಡ್ಡದು? ಬೆಳಕು ಅರ್ಧ ದಾಟೋಷ್ಟರಲ್ಲಿ ನಿಲ್ಲಿಸಿದ್ರಾ? ನಿಲ್ಲಿಸ್ಲಿಲ್ಲ ಅಂದ್ರೆ ಆ ಕೊನೆಯ ಎರಡು ಗೋಡೆ ನಿಮ್ಮ ಪೆಟ್ಟಿಗೆ ಮಾಡಿದ್ದಾ, ವಿಶ್ವ ಮಾಡಿದ್ದಾ?”

ಮೂಗಿನ ಆ ಎಳೆತ, ಆ ಚುಚ್ಚು, ಎಲ್ಲವೂ ಇದ್ದವು. ಯಾರೂ ನಗಲಿಲ್ಲ. ಮೇಷ್ಟ್ರು ಕೆಮ್ಮಲಿಲ್ಲ. ಗಿಣಿ ತನ್ನ ದನಿಗೆ ಬಂದಳು.

“ನಿಲ್ಲಿಸ್ಲಿಲ್ಲ. ಪೆಟ್ಟಿಗೆ ಮಾಡಿದ್ದು. ಪುಡಿಯಲ್ಲಿ ಎಷ್ಟು ಸುಳ್ಳು ಅಂತ ಈಗ ಹೇಳಕ್ಕಾಗಲ್ಲ.”

ಮೇಷ್ಟ್ರು ಚಿತ್ರವನ್ನು ಹಿಂದಕ್ಕೆ ಓಡಿಸಿ, ಆ ಎರಡು ಗೋಡೆಗಳು ಎದುರುಬದುರಾಗಿ ನಿಂತ ಜಾಗದಲ್ಲಿ ನಿಲ್ಲಿಸಿದರು. ಆಮೇಲೆ ಗಿಣಿಯನ್ನಲ್ಲ, ಅಕ್ಕನನ್ನು ಕೇಳಿದರು. “ಇದು ನಿಮ್ಮ ಪ್ರಶ್ನೆ. ನೀವ್ಯಾಕೆ ಕೇಳ್ಲಿಲ್ಲ?”

“ಮರೆತೆ,” ಎಂದಳು ಅಕ್ಕ.

ಆಗ ಮೇಷ್ಟ್ರು ಕೆಮ್ಮಿದರು. ಗಿಣಿಯ ಸಂಗ್ರಹದಲ್ಲಿ ಇರದ ಕೆಮ್ಮು ಅದು. “ಒಬ್ಬರು ತಪ್ಪನ್ನ ಇಲ್ಲಿವರೆಗೆ ತಂದ್ರಿ, ಇನ್ನೊಬ್ಬರು ಅದನ್ನ ಹೊರಗೆ ಕಳಿಸೋದಕ್ಕೆ ಬಾಗಿಲು ತೆಗೆದ್ರಿ. ಈ ಹುದ್ದೆಗೆ ನಾನು ಹೊರಗಿನವರನ್ನ ನೋಡ್ತೀನಿ.” ಹೌದಪ್ಪ ಅಭ್ಯಾಸಬಲದಿಂದ ತಲೆಯಾಡಿಸಿ, ನೆನಪಾಗಿ ನಿಲ್ಲಿಸಿದ.

ಸಂಜೆ ಇಬ್ಬರೂ ಅಕ್ಕನ ಕಾರಿನಲ್ಲೇ ಹೊರಟರು. ಕಚೇರಿಗಳು ಬಿಟ್ಟ ಹೊತ್ತು. ದೀಪದ ಕಂಬದಿಂದ ದೀಪದ ಕಂಬಕ್ಕೆ ತೆವಳಬೇಕಿತ್ತು. ಗಿಣಿ ಗಾಜಿನಾಚೆ ನೋಡುತ್ತ ಕೂತಿದ್ದಳು.

“ನಿನ್ನೆ ತಾರಸಿ ಮೇಲಿಂದ ಎಲ್ಲಾ ಕೇಳಿಸ್ತು,” ಎಂದಳು ಅಕ್ಕ, ಎದುರಿನ ಬಸ್ಸಿನಿಂದ ಕಣ್ಣು ತೆಗೆಯದೆ. “ಕೆಳಗೆ ನನ್ನ ಅಡುಗೆಮನೆ ಕಿಟಕಿ ಇದೆ, ಗೊತ್ತಲ್ಲ. ನನ್ನ ಸ್ವೆಟರ್ ಹಾಕ್ಕೊಂಡು ನನ್ನ ದನೀಲಿ ಕೂಗ್ತಿದ್ದೆ. ಆಮೇಲೆ ಸುಮ್ಮನಾದೆ. ನೀನು ಸುಮ್ಮನಾಗೋದು ಅಂದ್ರೆ ಏನು ಅಂತ ನನಗೆ ಗೊತ್ತಿಲ್ವಾ?”

ಗಿಣಿಗೆ ಕಿವಿ ಬಿಸಿಯಾಯಿತು. ತನ್ನ ತಪ್ಪನ್ನು ಅಕ್ಕನ ಕೈಗೆ ಕೊಟ್ಟವಳು ತಾನೇ.

“ತಪ್ಪು ಮಾಡಿದೋಳನ್ನ ಬೀಳಿಸಿ ಏನು ಸಿಗುತ್ತೆ,” ಎಂದಳು ಅಕ್ಕ. “ತಪ್ಪು ಎಲ್ಲರೂ ಮಾಡ್ತಾರೆ. ಗೊತ್ತಿದ್ದೂ ಮುಚ್ಚಿಟ್ಟಳು ಅಂತ ಬೀಳಿಸ್ಬೇಕು ಅಂತಿದ್ದೆ. ‘ಬಿಟ್ಟೆ’ ಅನ್ನೋಕೆ ಇನ್ನೊಂದು ಅಕ್ಷರ ಬಾಕಿ ಇತ್ತು.”

“ಅಕ್ಷರ ತೋರಿಸೋ ಕೆಲಸ ಅಂಗಡೀಲಿ ಖಾಲಿ ಇದೆ ಅಕ್ಕ,” ಎಂದಳು ಗಿಣಿ. “ಇಬ್ಬರಿಗೂ ಆಗುತ್ತೆ. ನೀವು ಮೇಲಿನ ಸಾಲು, ನಾನು ಕೆಳಗಿನದು.”

ಅಕ್ಕ ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು. ಮನೆ ಇನ್ನೂ ದೂರವಿತ್ತು. ಕನ್ನಡಕ ತೆಗೆದಳು, ಉಸಿರು ಬಿಡಲು ಹೋಗಿ, ಗಿಣಿ ನೋಡುತ್ತಿರುವುದನ್ನು ಕಂಡು, ಒರೆಸದೆ ಹಾಗೆಯೇ ಹಾಕಿಕೊಂಡಳು.

“ಇಳೀರಿ,” ಎಂದಳು.

ಕೊಠಡಿಯ ಹೊರಗೆ ಅಕ್ಕನ ಬಾಯಿಂದ ಗಿಣಿಗೆ ಆ ‘ರಿ’ ಯಾವತ್ತೂ ಬಂದಿರಲಿಲ್ಲ. ಗಿಣಿ ಇಳಿದಳು. ಬಾಗಿಲನ್ನು ಸದ್ದಾಗದಂತೆ, ಸರಿಯಾಗಿ ಮುಚ್ಚಿದಳು. ಕಾರು ಸಾಲಿನೊಳಗೆ ತೂರಿಕೊಂಡು ಹೋಯಿತು.

ಅವಳು ಚೀಲ ಹೆಗಲಿಗೇರಿಸಿ ನಡೆಯತೊಡಗಿದಳು. ಮುಚ್ಚುತ್ತಿದ್ದ ಅಂಗಡಿಗಳು, ಮೆಟ್ಟಿಲ ಮೇಲೆ ನೀರು ಚೆಲ್ಲುತ್ತಿದ್ದ ಹೋಟೆಲಿನವನು, ಬಸ್ಸಿಗೆ ಕಾಯುತ್ತಿದ್ದ ಜನ. ಗುತ್ತಿಗೆ ಮುಗಿಯುವುದರೊಳಗೆ ದೊಡ್ಡ ಪೆಟ್ಟಿಗೆಯಲ್ಲಿ ಒಂದು ಸಲವಾದರೂ ನಡೆಸಿ ನೋಡಬಹುದು. ಈಗ ಕುರ್ಚಿಗಲ್ಲ, ಎಷ್ಟು ಪುಡಿ ಎಂದು ಅಕ್ಕನಿಗಿಂತ ಮೊದಲು ತಿಳಿಯುವುದಕ್ಕೆ. ಅಕ್ಕನೂ ನಾಳೆ ಬೆಳಿಗ್ಗೆ ಅದನ್ನೇ ಶುರುಮಾಡುತ್ತಾಳೆ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ದೊಡ್ಡ ಪೆಟ್ಟಿಗೆ, ಅರ್ಧಕ್ಕೆ ನಿಲುಗಡೆ, ಚಿತ್ರಗಿತ್ರ ಏನೂ ಬೇಡ. ಇನ್ನು ಯಾರೂ ಏನೂ ಕೇಳುವಂತಿಲ್ಲ.

“ಅಲ್ಲಾ,” ಎಂದಿತು ಮೂಗಿನ ದನಿ, ಅವಳದೇ ಬಾಯಿಂದ. “ಪೆಟ್ಟಿಗೆ ದೊಡ್ಡದಾಯ್ತು, ಸರಿ. ಲೆಕ್ಕದ ಚುಕ್ಕೆಗಳು ಇದ್ದಷ್ಟೇ ಇದ್ದು ದೂರದೂರ ಆದ್ವಲ್ಲ. ಇಷ್ಟು ತೆಳ್ಳಗಿನ ಗೋಡೆ ಅವುಗಳ ಸಂದಿಯಲ್ಲಿ ತಪ್ಪಿಸಿಕೊಳ್ಳಲ್ವಾ?”

ಬಸ್ಸಿಗೆ ಕಾಯುತ್ತಿದ್ದವನೊಬ್ಬ ತಿರುಗಿ ನೋಡಿದ. ಗಿಣಿ ನಿಂತುಬಿಟ್ಟಳು. ಒಳ್ಳೆಯ ಪ್ರಶ್ನೆ. ಹಲ್ಲು ಕಚ್ಚಿಕೊಂಡು, ಆ ದನಿಯನ್ನು ಶಪಿಸುತ್ತ, ಅವಳು ಮುಂದಿನ ಪ್ರಶ್ನೆಗಾಗಿ ಕಿವಿಗೊಟ್ಟು ನಡೆದಳು.